ಶಿರಸ್ತ್ರಾಣದ ಬುರುಡೆ: ನಾಲ್ಕು ಹೋಳೋ, ಎರಡು ಚಿಪ್ಪೋ, ಒಂದೇ ತಗಡೋ?

ಮೂಗಿಗೆ ಪಟ್ಟಿ ಇಳಿಬಿಟ್ಟ, ಸಾದಾ ಗುಂಡು ಬುರುಡೆಯ ಮಧ್ಯಯುಗದ ಶಿರಸ್ತ್ರಾಣವನ್ನು ಮೂರು ದಾರಿಯಲ್ಲಿ ಮಾಡಬಹುದು. ಒಂದು, ನಾಲ್ಕು ಹೋಳುಗಳನ್ನು ಪಟ್ಟಿಗಳ ಕೆಳಗಿಟ್ಟು ರಿವೆಟ್ ಹೊಡೆಯುವುದು. ಯುರೋಪಿನಲ್ಲಿ ಇದನ್ನು ಸ್ಪಾಂಗೆನ್‌ಹೆಲ್ಮ್ ಎನ್ನುತ್ತಾರೆ. ಎರಡು, ಎಡ ಬಲ ಚಿಪ್ಪುಗಳನ್ನು ಬಡಿದು ನಡುವೆ ವೆಲ್ಡ್ ಮಾಡುವುದು. ಮೂರು, ಒಂದೇ ಬಿಲ್ಲೆಯನ್ನು ಬಡಿದು ಪೂರ್ತಿ ಬುರುಡೆ ಎಬ್ಬಿಸುವುದು. ಹೋಲಿಕೆ ನ್ಯಾಯವಾಗಿರಲೆಂದು ಮೂರಕ್ಕೂ ಅಳತೆ ಒಂದೇ ಇಟ್ಟೆವು: ತಲೆಯ ಸುತ್ತಳತೆ 58 ಸೆಂ.ಮೀ., ಸುತ್ತಲೂ ಒಂದೂವರೆ ಸೆಂ.ಮೀ. ಮೆತ್ತೆ. ಅಲ್ಲಿಗೆ ಬುರುಡೆಯ ಒಳಸುತ್ತು 67.5 ಸೆಂ.ಮೀ. ಮೆತ್ತೆಯ ಲೆಕ್ಕ ಮರೆತು ಬರೀ ತಲೆಯ ಅಳತೆಗೆ ತಗಡು ಕತ್ತರಿಸುವುದೇ ಹೊಸಬರು ಮಾಡುವ ಮೊದಲ ತಪ್ಪು.

ತಗಡು ಸಾದಾ ಸಿ.ಆರ್. ಶೀಟ್ (ಕಾಯಿಸದೆ ಉರುಳೆಯಲ್ಲಿ ಒತ್ತಿ ತೆಳುಮಾಡಿದ ಉಕ್ಕು) ಇರಲಿ. 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 14 ಗೇಜ್ ಎಂದರೆ 2 ಮಿ.ಮೀ. ಸತು ಲೇಪಿಸಿದ ಜಿ.ಐ. ಶೀಟ್ ಮಾತ್ರ ಬೇಡವೇ ಬೇಡ. ಬೆಂಕಿಗೋ ವೆಲ್ಡಿಂಗಿಗೋ ಒಡ್ಡಿದರೆ ಮೇಲಿನ ಸತು ಹೊಗೆಯಾಗಿ ಎದ್ದು ಚಳಿಜ್ವರ ಹಿಡಿಸುತ್ತದೆ.

ಮೂರರ ನಡುವಿನ ನಿಜವಾದ ವ್ಯತ್ಯಾಸ ಇರುವುದು ಸುತ್ತಿಗೆ ಬೀಳುವ ಜಾಗದಲ್ಲಿ. ಮರದ ದಿಮ್ಮಿಯ ತಲೆಯಲ್ಲಿ 10 ಸೆಂ.ಮೀ. ಅಗಲ, ಎರಡೂವರೆ ಸೆಂ.ಮೀ. ಆಳದ ಗುಳಿ ತೋಡಿ, ತಗಡನ್ನು ಅದರ ಮೇಲಿಟ್ಟು ಒಳಗಿನಿಂದ ಬಡಿದರೆ ಲೋಹ ಹಿಗ್ಗುತ್ತದೆ. ಹಿಗ್ಗಿದಷ್ಟೂ ತೆಳುವಾಗುತ್ತದೆ. ಇದನ್ನು ಒಳಬಡಿತ ಎನ್ನೋಣ. ತಗಡನ್ನು ಕಬ್ಬಿಣದ ಗುಂಡಿನ ಮೇಲೆ ಓರೆಯಾಗಿ ಹಿಡಿದು ಹೊರಗಿನಿಂದ ಬಡಿದರೆ ಅಂಚು ಒಳಕ್ಕೆ ಕುಗ್ಗುತ್ತದೆ, ದಪ್ಪ ಉಳಿಯುತ್ತದೆ. ಇದು ಹೊರಬಡಿತ. ತಾಮ್ರದ ಹಂಡೆ ಬಡಿಯುವ ಕಂಚುಗಾರರ ಕೈ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಚಿಪ್ಪಿನ ದಾರಿ ಪೂರಾ ಒಳಬಡಿತದ್ದು. ಸುಮಾರು 1 ಕೆ.ಜಿ.ಯ ದುಂಡುಮುಖದ ಸುತ್ತಿಗೆಯಲ್ಲಿ ಅಂಚಿನಿಂದ ಶುರುಮಾಡಿ ಸುರುಳಿಯಾಗಿ ನಡುವಿಗೆ ಬನ್ನಿ. ಅಂಚಿನಲ್ಲಿ ನೆರಿಗೆ ಏಳುತ್ತದೆ. ಎದ್ದ ಕೂಡಲೇ ತಟ್ಟಿ ಸಮ ಮಾಡಿ. ನೆರಿಗೆ ಮಡಿಚಿ ಒಂದರ ಮೇಲೊಂದು ಕೂತರೆ ಅಲ್ಲೇ ಸೀಳುತ್ತದೆ. ಹತ್ತು ಹನ್ನೆರಡು ಗಂಟೆಯಲ್ಲಿ ಬುರುಡೆ ಸಿದ್ಧ, ಮೂರರಲ್ಲೂ ವೇಗ ಇದರದ್ದೇ. ಆದರೆ 2 ಮಿ.ಮೀ. ತಗಡು ಚಿಪ್ಪಿನ ನಡುಭಾಗದಲ್ಲಿ ಒಂದೂವರೆಗೆ ಇಳಿದಿತ್ತು. ಮಧ್ಯಯುಗದ ಬದುಕು, ಕಾದಾಟಗಳನ್ನು ಮರುಸೃಷ್ಟಿಸುವ, ಅಮೆರಿಕದಲ್ಲಿ 1966ರಲ್ಲಿ ಹುಟ್ಟಿದ ಹವ್ಯಾಸಿಗಳ ಸಂಘ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂನ ಕಾದಾಟದ ನಿಯಮ ಶಿರಸ್ತ್ರಾಣಕ್ಕೆ ಕನಿಷ್ಠ 1.6 ಮಿ.ಮೀ. ಉಕ್ಕು ಕೇಳುತ್ತದೆ. ಅಂದರೆ 14 ಗೇಜ್ ತಂದರೂ ಇಲ್ಲಿ ಅಳತೆ ತಪ್ಪಬಹುದು.

ಇನ್ನು ಬೆಸುಗೆಯ ಸಾಲು. ಚಿಪ್ಪುಗಳ ನಡುವೆ 1 ಮಿ.ಮೀ.ಗಿಂತ ಹೆಚ್ಚು ಸಂದಿ ಇದ್ದರೆ ತೂತು ಬೀಳುತ್ತದೆ. ಮೂರು ಸೆಂ.ಮೀ.ಗೊಂದರಂತೆ ಮೊದಲು ಚುಕ್ಕೆ ಬೆಸುಗೆ ಹಾಕಿ, ಅದೂ ಮುಂದೊಂದು ಹಿಂದೊಂದು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಬುರುಡೆ ತಿರುಚಿಕೊಳ್ಳುತ್ತದೆ. ಮಿಗ್ (ತಂತಿ ಉಣಿಸುವ ವಿದ್ಯುತ್ ಯಂತ್ರದ) ಬೆಸುಗೆ ಗಡಸು, ಮೇಲೆ ಸುತ್ತಿಗೆ ಆಡಿಸಿದರೆ ಬಿರುಕು ಬಿಡುತ್ತದೆ. ಗ್ಯಾಸ್ ಬೆಸುಗೆ ಸುತ್ತಿಗೆಗೆ ಬಗ್ಗುತ್ತದೆ. ಸಾಲು ಕಾಣದಿರಲೆಂದು ಗ್ರೈಂಡರ್ ಹಿಡಿದು ಅಕ್ಕಪಕ್ಕದ ತಗಡನ್ನೂ ಸವೆಸಿದರಂತೂ ಮುಗಿಯಿತು: ನೆತ್ತಿಯ ಮೇಲೆ, ಹೊಡೆತ ಬೀಳುವ ಜಾಗದಲ್ಲೇ, ಬುರುಡೆ ಎಲ್ಲಕ್ಕಿಂತ ತೆಳು.

ಸ್ಪಾಂಗೆನ್‌ಹೆಲ್ಮ್‌ನಲ್ಲಿ ಪ್ರತಿ ಹೋಳಿಗೂ ಬೇಕಾದ ಗುಳಿ ಕಡಿಮೆ. ಹಾಗಾಗಿ ತಗಡು ಹೆಚ್ಚು ತೆಳುವಾಗುವುದಿಲ್ಲ, ವೆಲ್ಡಿಂಗ್ ಯಂತ್ರವೂ ಬೇಡ. ನಾರ್ವೆಯಲ್ಲಿ 1943ರಲ್ಲಿ ಸಿಕ್ಕ ಯೆರ್ಮುಂಡ್‌ಬೂ ಶಿರಸ್ತ್ರಾಣವೂ ನಾಲ್ಕು ಹೋಳು, ಪಟ್ಟಿ, ರಿವೆಟ್ಟಿನದೇ. ಬೇಕಾದದ್ದು ಇಷ್ಟು: 4 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದದ ಹಣೆಪಟ್ಟಿ ಒಂದು. ನೆತ್ತಿಯ ಮೇಲೆ ಅಡ್ಡ ಹಾಯುವ ಪಟ್ಟಿ ಎರಡು. ಪಟ್ಟಿಯ ಕೆಳಗೆ ಒಂದೂವರೆ ಸೆಂ.ಮೀ. ಸೇರುವಂತೆ ಕತ್ತರಿಸಿದ ಹೋಳು ನಾಲ್ಕು, ನೆತ್ತಿಗೊಂದು ಬಿಲ್ಲೆ, ಮೂಗಿಗೊಂದು ಪಟ್ಟಿ, 5 ಮಿ.ಮೀ. ದಪ್ಪದ ಮೆತ್ತನೆ ಕಬ್ಬಿಣದ ರಿವೆಟ್ ಸುಮಾರು 45.

ಎಲ್ಲ ತೂತನ್ನೂ ಮೊದಲೇ ಕೊರೆದಿಟ್ಟುಕೊಳ್ಳುವುದು ಇಲ್ಲಿಯ ದೊಡ್ಡ ತಪ್ಪು. ಬಾಗಿದ ತಗಡಿನಲ್ಲಿ ಯಾವ ತೂತೂ ಎದುರಿನದಕ್ಕೆ ಕೂಡುವುದಿಲ್ಲ. ಒಂದು ಕೊರೆದು ಬೋಲ್ಟ್ ಬಿಗಿಯಿರಿ, ಪಕ್ಕದ್ದನ್ನು ಎರಡೂ ಪದರ ಸೇರಿಸಿ ಕೊರೆಯಿರಿ, ಮತ್ತೆ ಬೋಲ್ಟ್. ಪೂರ್ತಿ ಬುರುಡೆ ಬೋಲ್ಟಿನಲ್ಲಿ ನಿಂತ ಮೇಲೆ ಒಂದೊಂದನ್ನೇ ತೆಗೆದು ರಿವೆಟ್ ಹಾಕಿ. ರಿವೆಟ್ಟಿನ ಕಾಲು ತಗಡಿನಿಂದಾಚೆ ಏಳೂವರೆ ಮಿ.ಮೀ. ಉಳಿದರೆ ತಲೆ ಗುಂಡಾಗಿ ಕೂರುತ್ತದೆ. ಇನ್ನೂ ಉದ್ದವಿದ್ದರೆ ಬಡಿಯುವಾಗ ಮಗ್ಗುಲಿಗೆ ಮಡಿಚುತ್ತದೆ. ಅಡ್ಡಪಟ್ಟಿಯನ್ನು ಉದ್ದಕ್ಕೆ ಬಗ್ಗಿಸಿದರೆ ಸಾಲದು, ಅಗಲಕ್ಕೂ ಕೊಂಚ ಗುಳಿ ಬಡಿಯಬೇಕು. ಇಲ್ಲದಿದ್ದರೆ ಪಟ್ಟಿಯ ಅಂಚು ಹೋಳಿನಿಂದ ಎದ್ದು ನಿಲ್ಲುತ್ತದೆ, ಎಷ್ಟು ರಿವೆಟ್ ಹೊಡೆದರೂ ಕೂರುವುದಿಲ್ಲ. ಸಮಯ 18 ಗಂಟೆಯ ಸುಮಾರು. ತೂಕ ಇದರ ಕುಂದು: 16 ಗೇಜ್‌ನಲ್ಲೇ 2.1 ಕೆ.ಜಿ. ದಾಟಿತು. ಕಾದಾಟಕ್ಕಾದರೆ ಹೋಳುಗಳನ್ನು 14 ಗೇಜ್‌ನಲ್ಲಿ ತೆಗೆಯಬೇಕು, ಆಗ ಇನ್ನೂ ಮುನ್ನೂರು ಗ್ರಾಂ ಮೇಲೆಯೇ ಕೂಡುತ್ತದೆ.

ಒಂದೇ ತಗಡಿನದು ಬೇರೆಯೇ ಮಟ್ಟದ ಕೆಲಸ. ಪ್ರಾಗ್‌ನಲ್ಲಿರುವ, ಹತ್ತನೇ ಶತಮಾನದ ಬೊಹೀಮಿಯಾದ ದೊರೆ ಸಂತ ವೆನ್ಸೆಸ್ಲಾಸ್‌ನದೆನ್ನುವ ಶಿರಸ್ತ್ರಾಣದ ಬುರುಡೆ ಹೀಗೆ ಒಂದೇ ತುಂಡು, ಮೂಗಿನ ಪಟ್ಟಿ ಆಮೇಲೆ ಸೇರಿಸಿದ್ದು. ಅರ್ಧಗೋಳ, ಅದರ ಕೆಳಗೆ 5 ಸೆಂ.ಮೀ. ನೇರ ಗೋಡೆ ಎಂದು ಲೆಕ್ಕ ಹಾಕಿದರೆ 37 ಸೆಂ.ಮೀ. ವ್ಯಾಸದ 14 ಗೇಜ್ ಬಿಲ್ಲೆ ಸಾಕು. ನಡುವನ್ನು ಮೊದಲು ಗುಳಿಯಲ್ಲಿ ಸ್ವಲ್ಪ ತಗ್ಗಿಸಿ, ಆಮೇಲೆ ಹೊರಬಡಿತ: ತಗಡು ಗುಂಡಿಗೆ ತಾಗಿದ ಜಾಗದಿಂದ ಕೆಲವೇ ಮಿ.ಮೀ. ಆಚೆ ಪೆಟ್ಟು, ನಡುವಿನಿಂದ ಅಂಚಿನ ಕಡೆಗೆ ಉಂಗುರ ಉಂಗುರವಾಗಿ. ತಾಗಿದ ಜಾಗಕ್ಕೇ ಹೊಡೆದರೆ ತಗಡು ಎರಡು ಕಬ್ಬಿಣದ ನಡುವೆ ನುಜ್ಜಾಗಿ ತೆಳುವಾಗುತ್ತದೆ, ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ.

ಬಿಸಿಯ ವಿಷಯದಲ್ಲಿ ಅವಸರ ಸಲ್ಲದು. ಕೆಂಪಗೆ ಕಾಯಿಸಿ ಬಡಿಯಿರಿ, ಕೆಂಪು ಆರುತ್ತಿದ್ದಂತೆ ನಿಲ್ಲಿಸಿ. ಮುನ್ನೂರು ಡಿಗ್ರಿ ಆಸುಪಾಸು, ನೀಲಿ ಬಣ್ಣ ಕಾಣುವ ಬಿಸಿಯಲ್ಲಿ ಈ ಉಕ್ಕು ಪೆಡಸಾಗಿರುತ್ತದೆ. ಅಂಚಿನ ಬಿರುಕುಗಳಲ್ಲಿ ಹೆಚ್ಚಿನವು ‘ಇನ್ನೊಂದು ನಾಲ್ಕು ಪೆಟ್ಟು’ ಎಂದು ಆ ಹೊತ್ತಿನಲ್ಲಿ ಹೊಡೆದದ್ದರ ಫಲ. 35 ಗಂಟೆ ಹಿಡಿಯಿತು. ಆದರೆ ನೆತ್ತಿಯಲ್ಲಿ 1.9 ಮಿ.ಮೀ. ಉಳಿದಿತ್ತು, ಅಂಚು 2 ಮಿ.ಮೀ. ಮೀರಿ ದಪ್ಪವಾಗಿತ್ತು, ತೂಕ ಮೂಗುಪಟ್ಟಿ ಬಿಟ್ಟು 1.65 ಕೆ.ಜಿ. ತೊಟ್ಟು ನೋಡಿದರೆ ಇದರ ಮುಂದೆ ಉಳಿದೆರಡೂ ಪಾತ್ರೆ ಕವುಚಿಕೊಂಡಂತೆ.

ಮೊದಲ ಸಲಕ್ಕೆ ಸ್ಪಾಂಗೆನ್‌ಹೆಲ್ಮ್ ಮಾಡಿ. ಅದರಲ್ಲಿ ಒಂದು ಹೋಳು ಕೆಟ್ಟರೆ ಒಂದು ಹೋಳಷ್ಟೇ ಕೆಡುತ್ತದೆ. ಒಂದೇ ತಗಡಿನ ಬುರುಡೆ ಮೂವತ್ತನೇ ಗಂಟೆಯಲ್ಲಿ ಬಿರಿದರೆ ಪೂರ್ತಿ ಗುಜರಿಗೆ. ವೆಲ್ಡಿಂಗ್ ದಾರಿ ಗೋಡೆಗೆ ತೂಗುಹಾಕುವ ಶಿರಸ್ತ್ರಾಣಕ್ಕೆ ಮಾತ್ರ ಸರಿ.

ತುಕ್ಕಿನ ವಿಚಾರದಲ್ಲಿ ಮಾತ್ರ ಸ್ಪಾಂಗೆನ್‌ಹೆಲ್ಮ್ ಮೂರರಲ್ಲೂ ಕಡೆ. ಪಟ್ಟಿಯ ಅಡಿ ಬೆವರು ಇಳಿದರೆ ಒರೆಸಲು ಬಟ್ಟೆ ತಲುಪುವುದಿಲ್ಲ. ರಿವೆಟ್ ಹೊಡೆಯುವ ಮೊದಲೇ ಹೋಳು, ಪಟ್ಟಿ ಎಲ್ಲವನ್ನೂ ಬಿಡಿಬಿಡಿಯಾಗಿ ಕಾಯಿಸಿ, ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಕಪ್ಪಾಗಿಸಿಕೊಳ್ಳಿ.