ಭಾಷಾವಿಜ್ಞಾನದ ಸ್ಕಾಲರ್‌ಗಳೇ, ಇಂಥ ಕಾನ್ಫರೆನ್ಸಿಗೆ ದುಡ್ಡು ಕಟ್ಟಬೇಡಿ

ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವವರು, ಮಾಡಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ವರ್ಷ ಬ್ಯಾಂಕಾಕಿನಲ್ಲಿ ನಡೆದ ಒಂದು ‘ಅಂತಾರಾಷ್ಟ್ರೀಯ ಭಾಷಾವಿಜ್ಞಾನ ಸಮ್ಮೇಳನ’ಕ್ಕೆ ಹೋಗಿ ಬಂದೆ. ಫೀಸು, ವಿಮಾನ, ಹೋಟೆಲ್ ಎಲ್ಲಾ ಸೇರಿ 86 ಸಾವಿರ ರೂಪಾಯಿ ಹೋಯಿತು. ದುಡ್ಡಿನ ನೋವು ಒಂದು ಕಡೆ. ಎರಡು ವರ್ಷ ಊರೂರು ಅಲೆದು ಮಾಡಿದ ಕೆಲಸವೂ ಈಗ ಕೈತಪ್ಪುವ ಹಾಗಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ಇಲ್ಲದಿದ್ದರೆ ಆಮೇಲೆ ಆದದ್ದು ಎಷ್ಟು ದೊಡ್ಡ ಪೆಟ್ಟು ಅಂತ ಗೊತ್ತಾಗುವುದಿಲ್ಲ.

‘ರವಿ ತನ್ನನ್ನು ಹೊಡೆದುಕೊಂಡ’ ಅಂದರೆ ಸರಿಯಾದ ಮಾತು. ಏಟು ಕೊಟ್ಟವನೂ ರವಿ, ತಿಂದವನೂ ರವಿ. ಅದೇ ಅರ್ಥದಲ್ಲಿ ‘ರವಿ ತನ್ನನ್ನು ಹೊಡೆದ’ ಅಂತ ಹೇಳಿ ನೋಡಿ. ಕಿವಿಗೆ ಒಗ್ಗುವುದಿಲ್ಲ ಅಲ್ವಾ? ಆದರೆ ‘ರವಿ ತನ್ನನ್ನು ಹೊಡೆದ ಅಂತ ಹರಿ ಹೇಳಿದ’ ಅನ್ನಿ. ತಕ್ಷಣ ಸರಿಹೋಗುತ್ತದೆ. ಈಗ ಏಟು ತಿಂದವನು ಹರಿ. ಅಂದರೆ ‘ತಾನು’ ತನ್ನ ಒಡೆಯನನ್ನು, ಅದು ಯಾರನ್ನು ಸೂಚಿಸುತ್ತದೋ ಅವರನ್ನು, ಹತ್ತಿರದಲ್ಲೇ ಹುಡುಕಬೇಕಾದರೆ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಬೇಕು. ಇದರ ಬಗ್ಗೆ ಆರ್. ಅಮೃತವಲ್ಲಿ, ಜೆಫ್ರಿ ಲಿಡ್ಜ್ ಅವರಂಥ ಭಾಷಾವಿಜ್ಞಾನಿಗಳು ಬಹಳ ಹಿಂದೆಯೇ ಬರೆದಿದ್ದಾರೆ. ಹಾಸನದ ಕಡೆಯ ಹಳ್ಳಿಗಳ ಆಡುಮಾತಿನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೋಡುವುದು ನನ್ನ ಕೆಲಸ. ವಾಕ್ಯಗಳನ್ನು ಬರೆದುಕೊಂಡು ಹೋಗುವುದು, ಜಗಲಿ ಮೇಲೆ ಕೂತು ಒಂದೊಂದನ್ನೇ ಹೇಳುವುದು, ಹೀಗೆ ಅಂತೀರಾ ಇಲ್ವಾ ಅಂತ ಕೇಳುವುದು. ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಾ ನನ್ನ ನೂರಾರು ವಾಕ್ಯ ಕೇಳಿದರು. ತಪ್ಪು ವಾಕ್ಯ ಬಂದ ಕೂಡಲೇ ಕೈ ನಿಲ್ಲಿಸಿ, ‘ಹಂಗನ್ನಕಿಲ್ಲ ಮಗ, ಹೊಡ್ಕಂಡ ಅನ್ನಬೇಕು’ ಅನ್ನುತ್ತಿದ್ದರು. ಅವರು ಅನ್ನಕಿಲ್ಲ ಅಂದ ವಾಕ್ಯಗಳ ಮುಂದೆಲ್ಲ ನಾನು ಒಂದು ನಕ್ಷತ್ರದ ಗುರುತು ಹಾಕಿಕೊಂಡೆ. ನಮ್ಮ ಶಾಸ್ತ್ರದಲ್ಲಿ ‘ಹೀಗೆ ಯಾರೂ ಅನ್ನುವುದಿಲ್ಲ’ ಅನ್ನುವುದಕ್ಕೆ ಅದೇ ಗುರುತು. ವಾದ ಪೂರ್ತಿ ನಿಂತಿರುವುದು ಆ ನಕ್ಷತ್ರದ ಮೇಲೆ.

ಹೀಗಿರುವಾಗ ಒಂದು ಮೇಲ್ ಬಂತು. ‘ಗೌರವಾನ್ವಿತ ಡಾಕ್ಟರ್’ ಅಂತ ಶುರು. ನನಗೆ ಇನ್ನೂ ಡಾಕ್ಟರೇಟ್ ಬಂದಿರಲಿಲ್ಲ. ನಿಮ್ಮ ಸಂಶೋಧನೆ ನೋಡಿ ತುಂಬಾ ಮೆಚ್ಚಿಕೊಂಡಿದ್ದೇವೆ ಅಂತ ಬರೆದಿದ್ದರು. ವೆಬ್‌ಸೈಟಿನಲ್ಲಿ ಯುರೋಪಿನ ಒಬ್ಬ ದೊಡ್ಡ ಪ್ರೊಫೆಸರ್ ಫೋಟೋ ಹಾಕಿ, ಮುಖ್ಯ ಭಾಷಣ ಇವರದೇ ಅಂದಿದ್ದರು. ಅವರ ಬರಹ ಓದಿಕೊಂಡೇ ನಾನು ಈ ವಿಷಯಕ್ಕೆ ಬಂದವನು. ಅವರ ಮುಂದೆ ನನ್ನ ವಾಕ್ಯಗಳನ್ನು ಇಡಬಹುದು ಅನ್ನೋದೇ ತಲೆಯಲ್ಲಿ ಕೂತುಬಿಟ್ಟಿತು.

ನನ್ನಂಥವರು ಇದಕ್ಕೆ ಬೀಳುವುದಕ್ಕೆ ಇನ್ನೊಂದು ಕಾರಣ ಇದೆ. ಯುಜಿಸಿಯ 2016ರ ಪಿಎಚ್‌ಡಿ ನಿಯಮದ ಪ್ರಕಾರ ಥೀಸಿಸ್ ಕೊಡುವ ಮೊದಲು ಜರ್ನಲ್ಲಿನಲ್ಲಿ ಒಂದು ಪೇಪರ್ ಬಂದಿರಬೇಕಿತ್ತು, ಕಾನ್ಫರೆನ್ಸ್ ಅಥವಾ ಸೆಮಿನಾರಿನಲ್ಲಿ ಎರಡು ಪೇಪರ್ ಓದಿರಬೇಕಿತ್ತು. 2022ರ ನವೆಂಬರಿನ ಹೊಸ ನಿಯಮದಲ್ಲಿ ಆ ಕಡ್ಡಾಯ ತೆಗೆದರು. ಆದರೆ ನಿಯಮ ಹೋದರೂ ರೂಢಿ ಹೋಗಿಲ್ಲ. ನಮ್ಮ ವಿಭಾಗದಲ್ಲಿ ಈಗಲೂ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳುತ್ತಾರೆ. ಕೆಲಸದ ಇಂಟರ್‌ವ್ಯೂನಲ್ಲೂ ‘ಇಂಟರ್‌ನ್ಯಾಷನಲ್’ ಅಂತ ಇದ್ದರೆ ಒಂದು ತೂಕ. ಈ ಅವಸರವೇ ಅವರಿಗೆ ಬಂಡವಾಳ.

ಅಬ್‌ಸ್ಟ್ರಾಕ್ಟ್, ಅಂದರೆ ಪೇಪರಿನ ಸಾರಾಂಶ, ಕಳಿಸಿದ್ದು ಸೋಮವಾರ ರಾತ್ರಿ. ಬುಧವಾರ ಬೆಳಿಗ್ಗೆ ‘ಅಭಿನಂದನೆಗಳು’ ಅಂತ ಉತ್ತರ. ಇಬ್ಬರು ತಜ್ಞರು ಪರಿಶೀಲಿಸಿದ್ದಾರೆ ಅಂತ ಎರಡು ಸಾಲು ಬರೆದಿದ್ದರು. ಒಂದರಲ್ಲಿ ವಿಷಯ ಚೆನ್ನಾಗಿದೆ ಅಂತಿತ್ತು, ಇನ್ನೊಂದರಲ್ಲಿ ಇಂಗ್ಲಿಷ್ ಸ್ವಲ್ಪ ತಿದ್ದಿ ಅಂತ. ‘ತಾನು’ ಬಗ್ಗೆ ಒಂದಕ್ಷರ ಇಲ್ಲ, ಒಂದು ಉದಾಹರಣೆ ವಾಕ್ಯದ ಸುದ್ದಿಯೂ ಇಲ್ಲ. ನಾನು ಅಲ್ಲೇ ನಿಲ್ಲಬೇಕಿತ್ತು. ನಿಜವಾದ ಭಾಷಾವಿಜ್ಞಾನಿ ಓದಿದ್ದರೆ ಮೂರನೇ ವಾಕ್ಯಕ್ಕೇ ತಕರಾರು ತೆಗೆಯುತ್ತಿದ್ದರು. ನಮ್ಮಲ್ಲಿ ಓದುವುದು ಅಂದರೆ ಅದೇ.

ಆ ಮೇಲ್ ಜೊತೆಗೇ 400 ಡಾಲರ್ ಕಟ್ಟುವ ಲಿಂಕ್. ವಿದ್ಯಾರ್ಥಿಗೂ ಅಷ್ಟೇ, ಪ್ರೊಫೆಸರಿಗೂ ಅಷ್ಟೇ. ಐದು ದಿನದೊಳಗೆ ಕಟ್ಟದಿದ್ದರೆ ಜಾಗ ಬೇರೆಯವರಿಗೆ. ಫೆಲೋಶಿಪ್ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಅವನು ಏನೂ ಕೇಳಲಿಲ್ಲ. ‘ಓದಿಗೆ ತಾನೇ, ತಗೋ’ ಅಂದು ಬೋರ್‌ವೆಲ್ಲಿಗೆ ಅಂತ ಇಟ್ಟಿದ್ದ ದುಡ್ಡು ಹಾಕಿದ. ಗೈಡ್ ಆಗ ಊರಲ್ಲಿರಲಿಲ್ಲ. ಅವರು ಬರುವವರೆಗೂ ಕಾಯದೆ ಕಟ್ಟಿಬಿಟ್ಟೆ. ಅದು ನನ್ನದೇ ತಪ್ಪು.

ಬ್ಯಾಂಕಾಕಿನ ಆ ಹೋಟೆಲಿನ ಎರಡನೇ ಮಹಡಿಯಲ್ಲಿ ಒಂದು ಮದುವೆ ಆರತಕ್ಷತೆಗೆ ಸಾಲುವಂಥ ರೂಮು. ಬಾಗಿಲ ಹತ್ತಿರ ಬ್ಯಾನರ್ ಸ್ಟ್ಯಾಂಡು. ಅದರಲ್ಲಿ ನಮ್ಮ ಸಮ್ಮೇಳನದ ಹೆಸರಿನ ಕೆಳಗೆ ಇನ್ನೂ ನಾಲ್ಕು ಸಮ್ಮೇಳನಗಳ ಹೆಸರು: ನರ್ಸಿಂಗ್, ಬಿಸಿನೆಸ್ ಮ್ಯಾನೇಜ್‌ಮೆಂಟ್, ಸಿವಿಲ್ ಎಂಜಿನಿಯರಿಂಗ್, ಆಹಾರ ತಂತ್ರಜ್ಞಾನ. ಎಲ್ಲಾ ಅದೇ ದಿನ, ಅದೇ ರೂಮಿನಲ್ಲಿ. ಒಟ್ಟು ಇಪ್ಪತ್ತೆರಡು ಜನ ಇದ್ದೆವು. ಭಾಷೆಯ ಕಡೆಯವರು ಮೂವರು. ನನಗಿಂತ ಮುಂಚೆ ಒಬ್ಬರು ಸಿಮೆಂಟಿಗೆ ಹಾರುಬೂದಿ ಬೆರೆಸುವ ಬಗ್ಗೆ ಮಾತಾಡಿದರು. ಅವರ ಕೆಲಸ ಚೆನ್ನಾಗಿಯೇ ಇತ್ತೇನೋ ಪಾಪ, ಅಲ್ಲಿ ಅದನ್ನು ತೂಗಿ ನೋಡುವವರು ಯಾರೂ ಇರಲಿಲ್ಲ. ಮುಖ್ಯ ಭಾಷಣದ ಪ್ರೊಫೆಸರ್ ಎಲ್ಲಿ ಅಂತ ಕೇಳಿದೆ. ಹುಷಾರಿಲ್ಲ, ಬರಲಿಲ್ಲ ಅಂದರು.

ನನಗೆ ಸಿಕ್ಕಿದ್ದು ಎಂಟು ನಿಮಿಷ. ನಮ್ಮ ಶಾಸ್ತ್ರದ ಒಳ್ಳೆಯ ಕಾನ್ಫರೆನ್ಸುಗಳಲ್ಲಿ ಸಾಮಾನ್ಯವಾಗಿ 20 ನಿಮಿಷ ಮಾತು, 10 ನಿಮಿಷ ಪ್ರಶ್ನೆ. ಆ ಹತ್ತು ನಿಮಿಷಕ್ಕಾಗಿಯೇ ಜನ ಹೋಗುವುದು. ನಾನು ನಲವತ್ತು ಪ್ರತಿ ಹ್ಯಾಂಡೌಟ್ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದೆ. ಪ್ರತಿ ವಾಕ್ಯಕ್ಕೂ ನಂಬರು, ಕೆಳಗೆ ಪದಪದಕ್ಕೂ ಅರ್ಥ, ಅದರ ಕೆಳಗೆ ಅನುವಾದ. ಐದೋ ಆರೋ ಜನ ತೆಗೆದುಕೊಂಡರು. ಮಾತು ಮುಗಿಸಿ ನಿಂತೆ. ಯಾರೂ ಏನೂ ಕೇಳಲಿಲ್ಲ. ಅಧ್ಯಕ್ಷತೆ ವಹಿಸಿದ್ದವರು ‘ವೆರಿ ಇಂಟರೆಸ್ಟಿಂಗ್’ ಅಂದು ಸರ್ಟಿಫಿಕೇಟ್ ಕೈಗಿಟ್ಟು ಫೋಟೋಗೆ ನಿಲ್ಲಿಸಿದರು. ಉಳಿದ ಮೂವತ್ತಕ್ಕೂ ಹೆಚ್ಚು ಹ್ಯಾಂಡೌಟ್ ವಾಪಸ್ ಬ್ಯಾಗಿಗೆ ಹಾಕಿಕೊಳ್ಳುವಾಗ ಆ ಅಜ್ಜಿಯ ನೆನಪು ಬಂತು. ಅವರಾದರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಊರಿಗೆ ಬಂದ ಮೇಲೆ ಆ ಪ್ರೊಫೆಸರಿಗೇ ಮೇಲ್ ಮಾಡಿದೆ. ಮಾರನೇ ದಿನವೇ ಉತ್ತರ ಬಂತು. ಆ ಸಮ್ಮೇಳನದ ಹೆಸರನ್ನೇ ಅವರು ಕೇಳಿರಲಿಲ್ಲ. ಫೋಟೋವನ್ನು ಅವರ ವಿಶ್ವವಿದ್ಯಾಲಯದ ಪುಟದಿಂದ ಎತ್ತಿಕೊಂಡಿದ್ದರು.

ಆಮೇಲೆ ಹುಡುಕಿದಾಗ ಇದು ಎಷ್ಟು ಹಳೆಯ ದಂಧೆ ಅಂತ ಗೊತ್ತಾಯಿತು. 2016ರಲ್ಲಿ ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಬಾರ್ಟ್‌ನೆಕ್ ಅನ್ನುವವರು ಐಫೋನು ತಾನಾಗಿ ಸೂಚಿಸುವ ಪದಗಳನ್ನೇ ಒತ್ತುತ್ತಾ ಹೋಗಿ ಒಂದು ಅಬ್‌ಸ್ಟ್ರಾಕ್ಟ್ ಮಾಡಿದರು. ತಲೆಬುಡ ಇಲ್ಲದ ಬರಹ. ಪರಮಾಣು ಭೌತವಿಜ್ಞಾನದ ಒಂದು ಸಮ್ಮೇಳನಕ್ಕೆ ಕಳಿಸಿದರೆ ಮೂರು ಗಂಟೆಯಲ್ಲಿ ಒಪ್ಪಿಗೆ ಬಂತು. ಇಂಥ ಸಮ್ಮೇಳನ, ಜರ್ನಲ್ ನಡೆಸುತ್ತಿದ್ದ ಹೈದರಾಬಾದಿನ ಒಂದು ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದೇ ವರ್ಷ ಕೇಸು ಹಾಕಿತು. 2019ರಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರಿಗೂ ಜಾಸ್ತಿ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು. ಬರದ ವಿದ್ವಾಂಸರ ಹೆಸರು ಹಾಕಿ ಜನರನ್ನು ಸೆಳೆಯುತ್ತಿದ್ದರು ಅನ್ನೋದೂ ಆ ಕೇಸಿನ ದೂರುಗಳಲ್ಲಿ ಒಂದು. ನನಗೆ ಆದದ್ದೂ ಅದೇ.

ಹಾಗಾದರೆ ಎಲ್ಲಿಗೆ ಹೋಗಬೇಕು? ನಮಗೆ ಜಾಗಗಳಿಗೆ ಕೊರತೆ ಇಲ್ಲ. ಲಿಂಗ್ವಿಸ್ಟಿಕ್ ಸೊಸೈಟಿ ಆಫ್ ಇಂಡಿಯಾ 1928ರಲ್ಲಿ ಲಾಹೋರಿನಲ್ಲಿ ಶುರುವಾದದ್ದು, ಈಗ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದೆ. ದ್ರಾವಿಡ ಭಾಷೆಗಳ ಕೆಲಸಕ್ಕೆ ತಿರುವನಂತಪುರದ ದ್ರಾವಿಡಿಯನ್ ಲಿಂಗ್ವಿಸ್ಟಿಕ್ಸ್ ಅಸೋಸಿಯೇಷನ್ ಇದೆ. ವ್ಯಾಕರಣ ಸಿದ್ಧಾಂತದ ಕಡೆಯವರಾದರೆ ಫಸಾಲ್ ಅಂತ ಒಂದು ಸಮ್ಮೇಳನ ಇದೆ. ದಕ್ಷಿಣ ಏಷ್ಯಾದ ಭಾಷೆಗಳಿಗಾಗಿಯೇ 2011ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಯುರೋಪಿನಲ್ಲಿ ಗ್ಲೋ ಅನ್ನುವ ಸಮ್ಮೇಳನ ಇದೆ, ಅದರ ಏಷ್ಯಾದ ಕವಲೂ ಇದೆ. ಇಂಥ ಕಡೆ ಕರೆ ಬಂದರೆ ಓದುವಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಅಬ್‌ಸ್ಟ್ರಾಕ್ಟ್ ಸಾಮಾನ್ಯವಾಗಿ ಎರಡು ಪುಟ ಮೀರಬಾರದು, ಅಕ್ಷರ ಇಷ್ಟೇ ದಪ್ಪ ಇರಬೇಕು, ನಿಮ್ಮ ಹೆಸರು ಎಲ್ಲೂ ಕಾಣಬಾರದು, ಒಬ್ಬರೇ ಬರೆದದ್ದು ಒಂದು, ಜೊತೆಗೂಡಿ ಬರೆದದ್ದು ಒಂದು, ಅಷ್ಟೇ ಕಳಿಸಬಹುದು ಅಂತೆಲ್ಲ ಕಟ್ಟುನಿಟ್ಟು. ಉತ್ತರ ಬರಲು ವಾರಗಟ್ಟಲೆ ಆಗುತ್ತದೆ. ಬಹಳ ಸಲ ‘ಇಲ್ಲ’ ಅಂತಲೇ ಬರುತ್ತದೆ. ಆದರೆ ಯಾಕೆ ಇಲ್ಲ ಅಂತ ನಿಮ್ಮ ವಾಕ್ಯ ಹಿಡಿದು ಹೇಳಿರುತ್ತಾರೆ. ಆ ಟಿಪ್ಪಣಿಗೆ ದುಡ್ಡು ಕೊಡಬೇಕಿಲ್ಲ.

ಮೇಲ್ ಬಂದರೆ ಮೊದಲು ಹಿಂದಿನ ವರ್ಷದ ಕಾರ್ಯಕ್ರಮ ಪಟ್ಟಿ ಹುಡುಕಿ. ಯಾರು, ಎಷ್ಟು ಹೊತ್ತಿಗೆ, ಯಾವ ವಿಷಯ ಓದಿದರು ಅಂತ ಇರಬೇಕು. ಯಾವ ವಿಶ್ವವಿದ್ಯಾಲಯದ ಯಾವ ವಿಭಾಗ ನಡೆಸುತ್ತಿದೆ ನೋಡಿ. ಮುಖ್ಯ ಭಾಷಣಕಾರರಿಗೆ ನೇರವಾಗಿ ಒಂದು ಮೇಲ್ ಹಾಕಿ. ಸಂಕೋಚ ಬೇಡ, ಅವರು ಉತ್ತರ ಕೊಡುತ್ತಾರೆ. ಗೈಡಿಗೆ ತೋರಿಸದೆ ಒಂದು ರೂಪಾಯಿಯೂ ಕಟ್ಟಬೇಡಿ. ನನ್ನ ಗೈಡ್ ಮೇಡಂ ಊರಿಂದ ಬಂದು ಆ ವೆಬ್‌ಸೈಟನ್ನು ಒಂದೇ ನಿಮಿಷ ನೋಡಿದರು. ‘ಇದರಲ್ಲಿ ನಮ್ಮವರು ಒಬ್ಬರೂ ಇಲ್ವಲ್ಲೋ’ ಅಂದರು.

ದೊಡ್ಡ ಪೆಟ್ಟು ಬಿದ್ದದ್ದು ಮೂರು ತಿಂಗಳ ನಂತರ. ಆ ಸಮ್ಮೇಳನದವರು ನನ್ನನ್ನು ಒಂದು ಮಾತೂ ಕೇಳದೆ ನನ್ನ ಪೂರ್ತಿ ಪೇಪರನ್ನು ತಮ್ಮ ಜರ್ನಲ್ ಅಂತ ಕರೆದುಕೊಳ್ಳುವ ಜಾಗದಲ್ಲಿ ಹಾಕಿದ್ದರು. ರಿಜಿಸ್ಟರ್ ಮಾಡುವಾಗ ಟಿಕ್ ಹಾಕಿದ ಷರತ್ತುಗಳಲ್ಲಿ ಅದಕ್ಕೆ ಒಪ್ಪಿಗೆ ಇತ್ತಂತೆ. ಅದೇ ಹೊತ್ತಿಗೆ ನಾನು ಅದನ್ನು ಬೆಳೆಸಿ ಒಂದು ಒಳ್ಳೆಯ ಜರ್ನಲ್ಲಿಗೆ ಕಳಿಸಿದ್ದೆ. ಈಗಾಗಲೇ ಅಚ್ಚಾಗಿದೆ ಅಂತ ಅವರು ವಾಪಸ್ ಕಳಿಸಿದರು. ಅವರದು ನ್ಯಾಯವೇ, ಅಚ್ಚಾದ ಪೇಪರನ್ನು ಯಾರೂ ಮತ್ತೆ ತೆಗೆದುಕೊಳ್ಳುವುದಿಲ್ಲ. ಸಮ್ಮೇಳನದವರಿಗೆ ತೆಗೆದುಹಾಕಿ ಅಂತ ಬರೆದರೆ, ಅದಕ್ಕೆ ಬೇರೆ 200 ಡಾಲರ್ ಕೊಡಿ ಅಂದರು. ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮೇಡಂ ಹೇಳಿದ ಹಾಗೆ ನಡೆದದ್ದನ್ನೆಲ್ಲ ಬರೆದು ಆ ಒಳ್ಳೆಯ ಜರ್ನಲ್ಲಿನ ಸಂಪಾದಕರಿಗೆ ಕಳಿಸಿದ್ದೇನೆ. ಹೊಸ ವಾಕ್ಯಗಳನ್ನು ಕಟ್ಟಿಕೊಂಡು ಮುಂದಿನ ವಾರ ಮತ್ತೆ ಹಾಸನದ ಕಡೆ ಹೊರಟಿದ್ದೇನೆ.

ಅವರು ಹಾಕಿದ ಆ ಪ್ರತಿಯನ್ನು ತೆರೆದು ನೋಡಿದೆ. ಪದಪದದ ಅರ್ಥಗಳು ಕಲಸಿಹೋಗಿ ಒಂದೇ ಸಾಲಿಗೆ ಬಂದಿವೆ. ನಕ್ಷತ್ರದ ಗುರುತು ಒಂದೂ ಇಲ್ಲ, ಎಲ್ಲವನ್ನೂ ಅಳಿಸಿದ್ದಾರೆ. ಅಜ್ಜಿ ‘ಹಂಗನ್ನಕಿಲ್ಲ’ ಅಂದ ಅಷ್ಟೂ ವಾಕ್ಯಗಳು ಅಲ್ಲಿ ನನ್ನ ಹೆಸರಿನ ಕೆಳಗೆ ಸರಿಯಾದ ಕನ್ನಡ ಅಂತ ಕೂತಿವೆ.