ಹಳೇ ಮೋಟರ್‌ಹೋಮ್ ಇದ್ದವರೇ, ‘ಎಲ್ಲಾ ಗಾಡಿಗೂ ಆಗುತ್ತೆ’ ಎನ್ನುವ ಸ್ಕ್ಯಾನರ್ ಬಗ್ಗೆ ಹುಷಾರು

‘1996ರ ನಂತರದ ಎಲ್ಲಾ ಗಾಡಿಗೂ ಆಗುತ್ತೆ’ ಅಂತ ಯಾರಾದರೂ ಗಾಡಿಯ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಮಾರಲು ಬಂದರೆ ನಂಬಬೇಡಿ. ನಿಮ್ಮದು ಮೋಟರ್‌ಹೋಮ್ (ಒಳಗೇ ವಾಸ ಮಾಡಬಹುದಾದ ಮನೆಗಾಡಿ) ಆಗಿದ್ದರಂತೂ ಖಂಡಿತ ನಂಬಬೇಡಿ.

ನನ್ನ ಗಾಡಿ ಕಾಗದದಲ್ಲಿ 1996ರದ್ದು. ಕೆಳಗಿರುವುದು ಫೋರ್ಡ್ ಇ-350 ಚಾಸಿ (ಚಕ್ರ, ಎಂಜಿನ್ ಇರುವ ಅಡಿಭಾಗ), 7.5 ಲೀಟರ್ ಪೆಟ್ರೋಲ್ ಎಂಜಿನ್. ಚೆಕ್ ಎಂಜಿನ್ ಲೈಟ್ ಬರುತ್ತಿತ್ತು, ಹೋಗುತ್ತಿತ್ತು. ಮಾರುವವನಿಗೆ ಎಂಜಿನ್ ವಿವರ ಕಳಿಸಿದೆ, ಪ್ಲಗ್ಗಿನ ಫೋಟೋನೂ ಕಳಿಸಿದೆ. ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಸಾಕೆಟ್ ಇಲ್ಲ, ಬಾನೆಟ್ ಒಳಗೆ ಆರು ಕಿಂಡಿಯ ಪ್ಲಗ್ಗು, ಪಕ್ಕದಲ್ಲಿ ನೇತಾಡುವ ಒಂಟಿ ವೈರು, ಇದಕ್ಕೆ ಆಗುತ್ತಾ ಅಂತ ನೇರವಾಗಿ ಕೇಳಿದೆ. ಉತ್ತರ: ‘ಅಡಾಪ್ಟರ್ ಕೇಬಲ್ ಸೇರಿಸಿ ತಗೊಳ್ಳಿ ಸರ್, ನೂರಕ್ಕೆ ನೂರು ಆಗುತ್ತೆ.’ ಕೇಬಲ್ಲಿಗೆ ಬೇರೆ ದುಡ್ಡು, ಅದು ಬೇರೆ ಮಾತು.

ಬಂತು. ಹಾಕಿದೆ. ಸ್ಕ್ರೀನ್ ಹೊತ್ತಿತು. ಆಮೇಲೆ ‘ಲಿಂಕ್ ಎರರ್’, ಅಂದರೆ ಗಾಡಿಯ ಕಂಪ್ಯೂಟರ್ ಜೊತೆ ಸಂಪರ್ಕವೇ ಇಲ್ಲ. ಕೀ ತೆಗೆದು ಹಾಕಿದೆ, ಎಂಜಿನ್ ಚಾಲೂ ಮಾಡಿ ನೋಡಿದೆ, ಅದೇ ಲಿಂಕ್ ಎರರ್. ಮೆಸೇಜ್ ಮಾಡಿದರೆ ಆ ಮಹಾಶಯ ಹೇಳಿದ್ದು ಕೇಳಿ: ‘ಲೈಟ್ ಬಂತಲ್ಲಾ ಸರ್, ಅಂದ್ರೆ ಕಂಪ್ಯಾಟಿಬಲ್ ಇದೆ.’

ಆ ಕ್ಷಣಕ್ಕೆ ನಾನೂ ಹೌದಲ್ವಾ ಅಂದುಕೊಂಡೆ. ಕೇಬಲ್ ಇನ್ನೊಮ್ಮೆ ನೋಡಿದಾಗ ಮೈಯೆಲ್ಲಾ ಉರಿಯಿತು. ಅದರಿಂದ ಎರಡು ಕ್ಲಿಪ್ ಬ್ಯಾಟರಿಗೆ ಹೋಗಿವೆ! ಸ್ಕ್ಯಾನರ್‌ಗೆ ಕರೆಂಟ್ ಬರುತ್ತಿರುವುದು ಅಲ್ಲಿಂದ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟರೂ ಲೈಟ್ ಬರುತ್ತೆ, ಬಂತು ಕೂಡ. ಗಾಡಿ ಜೊತೆ ಅದು ಒಂದಕ್ಷರ ಮಾತಾಡಿಲ್ಲ. ಅಡಾಪ್ಟರ್ ಪ್ಲಗ್ಗಿನ ಆಕಾರ ಬದಲಿಸುತ್ತೆ ಅಷ್ಟೇ. ನನ್ನದು ಫೋರ್ಡ್‌ನ ಹಳೇ ಇಇಸಿ-4 ಎಂಜಿನ್ ಕಂಪ್ಯೂಟರ್, ಸ್ಕ್ಯಾನರ್‌ಗೆ ಗೊತ್ತಿರುವುದು ಒಬಿಡಿ-2, ಅಂದರೆ ಆಮೇಲೆ ಬಂದ, ಎಲ್ಲಾ ಕಂಪನಿಗೂ ಒಂದೇ ಆದ ದೋಷ ಓದುವ ಪದ್ಧತಿ. ಕೇಬಲ್ ಹೇಗೆ ತಾನೇ ಎರಡನ್ನೂ ಮಾತಾಡಿಸುತ್ತೆ?

ಇದನ್ನೇ ಬರೆದು ಕಳಿಸಿದೆ. ಮೊದಲು ‘ಅಪ್‌ಡೇಟ್ ಮಾಡಿ ಸರ್’. ಮಾಡಿದೆ. ಆಮೇಲೆ ‘ನಿಮ್ಮ ಗಾಡಿ ಇಸಿಯು ಹೋಗಿದೆ, ಬದಲಾಯಿಸಿ’. ಇಸಿಯು ಅಂದರೆ ಅದೇ ಎಂಜಿನ್ ಕಂಪ್ಯೂಟರ್. ಇಸಿಯು ಹೋಗಿದೆಯಂತೆ! ಓಡುತ್ತಿರುವ ಗಾಡಿಯದ್ದು! ಪರಿಚಯದ ಮೆಕ್ಯಾನಿಕ್ ಬಂದು, ಕೇಬಲ್ ನೋಡಿ ‘ಇದಕ್ಕೂ ದುಡ್ಡು ಕೊಟ್ರಾ?’ ಅಂತ ಎಲ್ಲರೆದುರು ನಕ್ಕರು. ತಲೆ ಎತ್ತಲಾಗಲಿಲ್ಲ. ಅವರು ಆ ಒಂಟಿ ವೈರನ್ನು ಪ್ಲಗ್ಗಿನ ಸಿಗ್ನಲ್ ರಿಟರ್ನ್ ಕಿಂಡಿಗೆ ಒಂದು ತುಂಡು ತಂತಿಯಿಂದ ಸೇರಿಸಿ, ಎಂಜಿನ್ ಚಾಲೂ ಮಾಡದೆ ಕೀ ಆನ್ ಮಾಡಿದರು. ಚೆಕ್ ಎಂಜಿನ್ ಲೈಟೇ ಮಿನುಗಿ ಕೋಡ್ ಹೇಳಿತು. ಮೊದಲು 111, ಅಂದರೆ ಆ ಪರೀಕ್ಷೆಯಲ್ಲಿ ಎಲ್ಲಾ ಸರಿ. ಆಮೇಲೆ ನೆನಪಿನಲ್ಲಿಟ್ಟಿದ್ದ 332, ಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ದೋಷ. ಸತ್ತಿದೆ ಅಂದ ಇಸಿಯು ಇದು!

ಇದನ್ನೂ ವಿಡಿಯೋ ಮಾಡಿ ಕಳಿಸಿದೆ. ಉತ್ತರ: ‘ಬಾಕ್ಸ್ ಓಪನ್ ಆಗಿದೆ, ರಿಟರ್ನ್ ಇಲ್ಲ. ಗಾಡಿ 1996ರದ್ದು ಅಂತ ನೀವೇ ಹೇಳಿದ್ರಿ.’ ಹೌದು ಸ್ವಾಮಿ, ಪ್ಲಗ್ಗಿನ ಫೋಟೋನೂ ನಾನೇ ಕಳಿಸಿದ್ದೆ, ಅದನ್ನು ಯಾಕೆ ನೋಡಲಿಲ್ಲ?

ಮೋಟರ್‌ಹೋಮ್‌ನಲ್ಲಿ ಚಾಸಿ ಒಬ್ಬರದ್ದು, ಮೇಲಿನ ಮನೆ ಇನ್ನೊಬ್ಬರದ್ದು. ಚಾಸಿ ಮೊದಲೇ ತಯಾರಾಗಿ ನಿಂತಿರುತ್ತೆ, ಮನೆ ಆಮೇಲೆ ಏರುತ್ತೆ. ನನ್ನ ಚಾಸಿ 1995ರದ್ದು, ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲೇ ಇದೆ. ಒಬಿಡಿ-2 ಇರಲೇಬೇಕು ಎನ್ನುವ ಅಮೆರಿಕದ 1996ರ ನಿಯಮವೂ ಕಾರು ಮತ್ತು ಹಗುರ ಟ್ರಕ್ಕುಗಳಿಗೆ ಬಂದದ್ದು, 8,500 ಪೌಂಡ್ ಮೀರಿದ ಭಾರದ ಗಾಡಿಗಳಿಗೆ ಆಮೇಲೆ ಬಂತು. ದೊಡ್ಡ ಡೀಸೆಲ್ ಬಸ್ ಥರದ ಮೋಟರ್‌ಹೋಮ್‌ಗಳಲ್ಲಿ ದುಂಡನೆಯ 6 ಅಥವಾ 9 ಪಿನ್ನಿನ ಪ್ಲಗ್ ಇರುತ್ತೆ, ಅದರ ಕಥೆಯೇ ಬೇರೆ. ಇದನ್ನೆಲ್ಲಾ ಸ್ಕ್ಯಾನರ್ ಮಾರುವವನು ತಿಳಿದಿರಬೇಕಲ್ವಾ?

ಕೊಳ್ಳುವ ಮೊದಲು ಚಾಸಿ ತಯಾರಾದ ವರ್ಷ ನೋಡಿ, ಪ್ಲಗ್ ನೋಡಿ, ಸ್ಕ್ಯಾನರ್ ಯಾವ ಪ್ರೊಟೋಕಾಲ್ (ಗಾಡಿಯ ಕಂಪ್ಯೂಟರ್ ಮಾತಾಡುವ ಭಾಷೆ) ಓದುತ್ತೆ ಅಂತ ಬರಹದಲ್ಲಿ ಕೇಳಿ. ‘ಎಲ್ಲಾ ಸಪೋರ್ಟ್ ಆಗುತ್ತೆ’ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ನನ್ನ ದುಡ್ಡು ಇನ್ನೂ ಬಂದಿಲ್ಲ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.