ರಾಕ್ ಸ್ಲೈಡರ್ ಮಾಡಿಸುವವರೇ, ತಕ್ಕಡಿಗೆ ಹಾಕಿಸದೆ ಹಣ ಕೊಡಬೇಡಿ

ಸಕಲೇಶಪುರದ ಕಡೆ ಜಿಪ್ಸಿ, ಥಾರ್ ಓಡಿಸುವ ಯಾರಾದರೂ ವೆಲ್ಡಿಂಗ್ ಶಾಪಿನಲ್ಲಿ ರಾಕ್ ಸ್ಲೈಡರ್ (ಬಂಡೆಯ ಏಟು ಗಾಡಿಗೆ ತಾಗದಂತೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಕೂರಿಸುವ ಕಬ್ಬಿಣದ ಪೈಪ್) ಮಾಡಿಸಲು ಹೊರಟಿದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಓದಿ.

ನಕ್ಷೆ ನಾನೇ ಬರೆದುಕೊಟ್ಟಿದ್ದೆ. ಒಂದೂವರೆ ಇಂಚಿನ ಬಿ ಕ್ಲಾಸ್ ಪೈಪ್, ಅಂದರೆ 3.2 ಮಿ.ಮೀ. ದಪ್ಪದ್ದು. 6 ಮಿ.ಮೀ. ಪ್ಲೇಟು. ಬದಿಗೆ ಮೂರು ಕಾಲು, ಮೂರೂ ಚಾಸಿಗೇ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೇ. ಅದರ ಮೇಲೆ ಕೂರುವ ಬಾಡಿಯಲ್ಲಿ ಒಂದು ಬೋಲ್ಟೂ ಬೇಡ ಎಂದು ಅಡಿಗೆರೆ ಎಳೆದಿದ್ದೆ. "ಇಂಥವು ಎಷ್ಟು ಮಾಡಿಲ್ಲ, ಬಿಡಿ ಸರ್" ಎಂದ ವೆಲ್ಡಿಂಗ್ ಶಾಪಿನವ. ದರ ಎಂದಿನಂತೆ ಕೆ.ಜಿ. ಲೆಕ್ಕ. ನಾನು ಹೋಗುವಷ್ಟರಲ್ಲಿ ತುದಿಗಳಿಗೆ ಮುಚ್ಚಳ ಬೆಸೆದು, ಕಪ್ಪು ಬಣ್ಣ ಬಳಿದು, ಗಾಡಿಗೆ ಕೂರಿಸಿಯೇ ಇಟ್ಟಿದ್ದ. ಆ ಆತುರ ಯಾಕೆಂದು ಈಗ ಗೊತ್ತಾಗುತ್ತಿದೆ.

ಹಳ್ಳ ದಾಟುವಾಗ ಗಾಡಿ ಜಾರಿ ಬಂಡೆಯ ಮೇಲೆ ಒಂದು ಬದಿಗೆ ಕುಳಿತಿತು. ಸ್ಲೈಡರ್ ಇರುವುದೇ ಅದಕ್ಕಲ್ಲವೇ? ಪೈಪ್ ಅಪ್ಪಚ್ಚಿಯಾಯಿತು. ನಡುವಿನ ಕಾಲು ಮೇಲಕ್ಕೆ ನುಗ್ಗಿ ಬಾಗಿಲ ಕೆಳಗಿನ ತಗಡನ್ನೇ ಮಡಚಿತು. ಬಾಗಿಲು ತೆರೆಯದೆ ನಾನು ಆಚೆ ಬದಿಯಿಂದ ತೆವಳಿ ಇಳಿಯಬೇಕಾಯಿತು, ಜೊತೆಗೆ ಬಂದವರೆಲ್ಲ ನೋಡುತ್ತಿದ್ದರು. ಸ್ಲೈಡರೇ ಇಲ್ಲದ ಗಾಡಿಗಳು ಅದೇ ಹಳ್ಳ ದಾಟಿ ಆಚೆ ನಿಂತಿದ್ದವು!

ಬೇರೆ ಕಡೆ ಪೈಪ್ ಕತ್ತರಿಸಿ, ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದರೆ 1.6 ಮಿ.ಮೀ. ಹದಿನಾರು ಗೇಜ್. ಕುರ್ಚಿ ಮೇಜಿಗೆ ಹಾಕುವ ಪೈಪ್! ನಡುವಿನ ಕಾಲು ಚಾಸಿಯನ್ನು ಮುಟ್ಟಿಯೇ ಇರಲಿಲ್ಲ, ಅದನ್ನು ಬಾಡಿಯಲ್ಲಿ ಬೋಲ್ಟ್ ಮಾಡಿದ್ದ. ರಬ್ಬರ್ ಬುಷ್‌ಗಳ ಮೇಲೆ ಕೂತು ಅಲುಗಾಡುವ ಬಾಡಿಯ ಮೇಲೆ ಗಾಡಿಯ ಭಾರ ಹೊರಿಸಿದರೆ ಇನ್ನೇನಾಗುತ್ತದೆ?

ಇದಕ್ಕಿಂತ ಉರಿಸಿದ್ದು ಬಿಲ್ಲು. 3.2ರ ಪೈಪ್ ಮೀಟರಿಗೆ ಸುಮಾರು ಮೂರೂವರೆ ಕೆ.ಜಿ., 1.6ರದ್ದು ಎರಡು ಕೆ.ಜಿ.ಯೂ ಇಲ್ಲ. ಹಾಕಿದ್ದು ತೆಳು ಪೈಪ್, ಬರೆದದ್ದು ದಪ್ಪ ಪೈಪಿನ ತೂಕ. ಕೇಳಿದರೆ, "ಚಾರ್ಟ್ ನೋಡಿ ಬರೆದದ್ದು ಸರ್, ಎಲ್ಲರೂ ಹಾಗೆಯೇ." ಪೈಪ್ ಯಾಕೆ ತೆಳು? "ಭಾರ ಕಡಿಮೆಯಾಗಲಿ ಎಂದು, ನಿಮ್ಮ ಮೈಲೇಜ್‌ಗೋಸ್ಕರ." ನನ್ನ ಮೈಲೇಜ್‌ಗೋಸ್ಕರ! ಚಪ್ಪಟೆಯಾದದ್ದನ್ನು ತೋರಿಸಿದರೆ, "ಬಂಡೆಯ ಮೇಲೆ ಯಾರಾದರೂ ಗಾಡಿ ಹತ್ತಿಸುತ್ತಾರೆಯೇ ಸರ್?" ರಾಕ್ ಸ್ಲೈಡರ್ ಎಂದೇ ಬಿಲ್ಲು ಬರೆದ ಪುಣ್ಯಾತ್ಮ ಕೇಳುವ ಪ್ರಶ್ನೆಯೇ ಇದು?

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದೆ. "ಹೋಗಿ. ಗಾಡಿಗೆ ಕಬ್ಬಿಣ ಕಟ್ಟಿಸಲು ಆರ್.ಟಿ.ಒ. ಅನುಮತಿ ಇತ್ತೇ ಎಂದು ಮೊದಲು ಅಲ್ಲಿ ಹೇಳಿ" ಎಂದ. ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅವನಿಗೆ ಬಾಯಿಪಾಠ, ಪೈಪಿನ ಗೇಜ್ ಮಾತ್ರ ಮರೆತುಹೋಗುತ್ತದೆ.

ಪೈಪನ್ನು ನಿಮ್ಮೆದುರೇ ಕತ್ತರಿಸಲಿ. ತುದಿ ಮುಚ್ಚುವ ಮೊದಲು ವರ್ನಿಯರ್ ಹಿಡಿಯಿರಿ, ಕೂರಿಸುವ ಮೊದಲು ತಕ್ಕಡಿಗೆ ಹಾಕಿಸಿ. ಗಾಡಿಯ ಅಡಿಗೆ ಮಲಗಿ ಪ್ರತಿ ಕಾಲೂ ಚಾಸಿಗೆ ಸೇರಿದೆಯೇ ನೋಡಿ. ಬಣ್ಣವನ್ನು ಬೇರೆ ಅಂಗಡಿಯಲ್ಲಿ ಹೊಡೆಸಿ. "ಚಾರ್ಟ್ ಪ್ರಕಾರ" ಎಂಬ ಮಾತು ಬಂದರೆ ಎದ್ದು ಬನ್ನಿ.

ನಿನ್ನೆ ಅವನಿಂದಲೇ ಸಂದೇಶ ಬಂದಿದೆ: ಹೊಸದು ಮಾಡಿಕೊಡುತ್ತಾನಂತೆ, ಈ ಸಲ ಪೈಪಿನ ದುಡ್ಡು ಮಾತ್ರ ಕೊಟ್ಟರೆ ಸಾಕಂತೆ.